ಇಂಗ್ಲಿಷ್ ಬೋಧನೆಯ ಪಾಠೋಪಕರಣಗಳು: ಒಬ್ಬ ಕನ್ನಡ ಪಂಡಿತನ ವಿಚಾರ

ಈ ಸ್ಮರಣ ಸಂಚಿಕೆಗೆ ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನಗೆ ಸೂಚಿಸಿದ್ದರು. ಅದನ್ನು ಬಿಟ್ಟು ಇಂಗ್ಲಿಷ್ ಪಾಠದ ವಿಷಯವಾಗಿ ಬರೆಯಹೊರಟಿರುವುದು ಕೆಲವರಿಗೆ ಅಧಿಕಪ್ರಸಂಗವಾಗಿ ತೋರಬಹುದು. ಶಬ್ದಮಣಿದರ್ಪಣವನ್ನು ಬಾಯಿಪಾಠ ಮಾಡಿ ವಿದ್ವತ್ ಪರೀಕ್ಷೆಗೆ ಕುಳಿತು ಬಂದವನಿಗೆ ಆಂಗ್ಲಭಾಷೆಯ ಗೊಡವೆ ಏಕೆಂದು ನಮ್ಮ ಇಂಗ್ಲಿಷ್ ಅಧ್ಯಾಪಕ ಮಿತ್ರರೇ ನಕ್ಕಾರು. ನಕ್ಕರೂ ಚಿಂತೆಯಿಲ್ಲ. ನನ್ನ ವೃತ್ತಿಜೀವನದಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪು ಇಂಗ್ಲಿಷ್ ತರಗತಿಯಲ್ಲಿಯೇ ಆದುದರಿಂದ, ಅದರಿಂದ ಕಲಿತದ್ದನ್ನು ಹೇಳಿಬಿಡುವುದು ಒಳ್ಳೆಯದೆನಿಸಿದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಬೇರೊಂದು ಪ್ರೌಢಶಾಲೆಯಲ್ಲಿದ್ದೆ. ಅಲ್ಲಿಯ ಇಂಗ್ಲಿಷ್ ಅಧ್ಯಾಪಕರು ನಿವೃತ್ತರಾದ ಮೇಲೆ ಆ ಸ್ಥಾನ ಒಂದೂವರೆ ವರ್ಷ ತೆರವಾಗಿಯೇ ಉಳಿಯಿತು. ಹತ್ತನೆಯ ತರಗತಿಯನ್ನು ಬರಿದೆ ಕೂಡಿಸಲಾಗದೆ ಮುಖ್ಯೋಪಾಧ್ಯಾಯರು ಅದನ್ನು ನನಗೆ ವಹಿಸಿದರು. ನಾನು ಮಾಡಿದ್ದಿಷ್ಟು: ಪಾಠವನ್ನು ಕನ್ನಡದಲ್ಲಿ ಕಥೆಯಂತೆ ಹೇಳಿ ಮುಗಿಸುವುದು, ಆಮೇಲೆ ಪೇಟೆಯಲ್ಲಿ ಸಿಗುವ ಗೈಡಿನಿಂದ ಪ್ರಶ್ನೋತ್ತರಗಳನ್ನು ಹಲಗೆಯ ಮೇಲೆ ಬರೆದು ಬರೆಸುವುದು, ಮರುದಿನ ಒಪ್ಪಿಸಿಕೊಳ್ಳುವುದು. ಆ ತರಗತಿಯಲ್ಲಿ ಪ್ರಸಾದ ನಿಲಯದ ಹುಡುಗನೊಬ್ಬನಿದ್ದ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವುದರಲ್ಲಿ ಅವನ ಕೈ ತಪ್ಪಿದ್ದನ್ನು ನಾನು ಕಾಣೆ. ಕನ್ನಡದಲ್ಲಿ ತರಗತಿಗೇ ಮೊದಲಿಗ. ಪರೀಕ್ಷೆಯ ಫಲಿತಾಂಶ ಬಂದಾಗ ಇಂಗ್ಲಿಷೊಂದರಲ್ಲಿ ನಪಾಸು. ಕರೆದು ಕೇಳಿದೆ. ಅವನು ತಲೆ ತಗ್ಗಿಸಿಕೊಂಡು ಹೇಳಿದ: "ಗುರುಗಳ, ನೀವು ಬರೆಸಿದ್ದ ಉತ್ತರಾನ ಬರದೇನ್ರಿ. ಪ್ರಶ್ನೀನ ಬ್ಯಾರೆ ಇತ್ರಿ."

ಅವನು ಮರಳಿ ಪರೀಕ್ಷೆಗೆ ಕೂಡಲಿಲ್ಲ. ಹತ್ತಿರದ ಪಟ್ಟಣದ ಹತ್ತಿಯ ಜಿನ್ನಿನಲ್ಲಿ ಕೆಲಸಕ್ಕೆ ಸೇರಿದನೆಂದು ಆಮೇಲೆ ತಿಳಿಯಿತು. ಐದನೆಯ ತರಗತಿಯಿಂದ ಆರು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದವನಿಗೆ ಪ್ರಶ್ನೆ ಯಾವುದೆಂದು ತಿಳಿಯುವಷ್ಟು ಇಂಗ್ಲಿಷ್ ಬಂದಿರಲಿಲ್ಲ. ಅದಕ್ಕೆ ಹಿಂದಿನವರನ್ನು ದೂರಿ ಪ್ರಯೋಜನವೇನು? ಕೊನೆಯ ವರ್ಷ ಸೀಮೆಸುಣ್ಣ ಹಿಡಿದಿದ್ದವನು ನಾನು. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ, ವರ್ಷಗಳು ಹೆಚ್ಚಿದುವು. ಆದರೆ ಬರೆಸಿ ಒಪ್ಪಿಸಿಕೊಳ್ಳುವ ಪದ್ಧತಿ ಹತ್ತು ವರ್ಷ ನಡೆದರೂ ಅಷ್ಟೆ.

ಆ ಬೇಸಗೆಯಲ್ಲಿ ನಾನು ಇಂಗ್ಲಿಷ್ ಬೋಧನೆಯ ವಿಷಯವಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಪಾಠೋಪಕರಣಗಳೆಂದರೆ ಭಾಷಾ ಪ್ರಯೋಗಾಲಯ, ಪ್ರೊಜೆಕ್ಟರು, ಧ್ವನಿಮುದ್ರಿಕೆಗಳು ಎಂದು ತಿಳಿದಿದ್ದೆ. ಇವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಎಲ್ಲಕ್ಕೂ ಮೊದಲಿನ ಉಪಕರಣ ಹುಡುಗನ ಬಾಯಲ್ಲಿಯೇ ಇದೆ, ಅದು ಅವನ ಕನ್ನಡ ಎಂಬುದು ಅಂದು ನನಗೆ ಹೊಳೆಯಿತು. ಇಂದಿಗೂ ಅದನ್ನೇ ನಂಬಿದ್ದೇನೆ. ಈ ಮಾತನ್ನು ಪಾಠವನ್ನೆಲ್ಲ ಕನ್ನಡದಲ್ಲಿ ಹೇಳಿಬಿಡುವುದೆಂದು ತಿಳಿಯಬಾರದು. ನಾನು ಮಾಡಿ ಕೆಟ್ಟದ್ದು ಅದನ್ನೇ.

ಇಂಗ್ಲಿಷ್ ತರಗತಿಯಲ್ಲಿ ಒಂದು ಕನ್ನಡ ಪದವೂ ಕೇಳಿಸಕೂಡದೆಂಬ ಪಕ್ಷವೊಂದಿದೆ. ಉಚ್ಚಾರಣೆಯ ಮಟ್ಟಿಗೆ ಅವರು ಹೇಳುವುದು ಸರಿ. ಕಿವಿಗೆ ಬೀಳದ ಭಾಷೆ ನಾಲಗೆಗೆ ಬಾರದು. ಆದರೆ ಅರ್ಥದ ಮಟ್ಟಿಗೆ ಅದು ಸರಿಯೆಂದು ನನಗೆ ತೋರುವುದಿಲ್ಲ. ವೇಲ್ಸ್ ದೇಶದ ಸಿ. ಜೆ. ಡಾಡ್ಸನ್ ಎಂಬವರು ದ್ವಿಭಾಷಾ ಪದ್ಧತಿಯನ್ನು ಕುರಿತ ತಮ್ಮ ಗ್ರಂಥವನ್ನು 1967ರಲ್ಲಿ ಪ್ರಕಟಿಸಿದರು. ಮಾತೃಭಾಷೆಯ ಒಂದು ವಾಕ್ಯದಿಂದ ಅರ್ಥವನ್ನು ಕ್ಷಣಮಾತ್ರದಲ್ಲಿ ಕೊಟ್ಟುಬಿಟ್ಟು, ಉಳಿದ ಸಮಯವನ್ನೆಲ್ಲ ಹೊಸ ಭಾಷೆಯ ಅಭ್ಯಾಸಕ್ಕೆ ಕೊಡಬೇಕೆಂಬುದು ಅವರ ಕ್ರಮದ ತಿರುಳು. ಕನ್ನಡ ಅಲ್ಲಿ ಬಾಗಿಲು ತೆರೆಯುವ ಕೀಲಿಯೇ ಹೊರತು ಮನೆಯಲ್ಲ. ವಿದ್ಯಾರ್ಥಿಯು ಕನ್ನಡಕ್ಕೆ ಅನುವಾದಿಸುತ್ತ ಕುಳಿತುಕೊಳ್ಳುವುದಿಲ್ಲ, ಇಂಗ್ಲಿಷನ್ನೇ ಆಡುತ್ತಾನೆ.

ಇನ್ನು ನಾನು ಪ್ರಯೋಗಿಸಿ ನೋಡಿದವುಗಳನ್ನು ಹೇಳುತ್ತೇನೆ. ಮೊದಲನೆಯದಕ್ಕೆ ಬೇಕಾದದ್ದು ಮೂರು ರಟ್ಟಿನ ಪಟ್ಟಿಗಳು. 'ರಾಮನು', 'ರಾವಣನನ್ನು', 'ಕೊಂದನು' ಎಂದು ಅವುಗಳ ಮೇಲೆ ಬರೆದು ಮೂವರು ಹುಡುಗರ ಕೈಗೆ ಕೊಟ್ಟು ತರಗತಿಯ ಮುಂದೆ ನಿಲ್ಲಿಸಬೇಕು. ಅವರು ತಮ್ಮ ಜಾಗಗಳನ್ನು ಹೇಗೆ ಬದಲಿಸಿಕೊಂಡರೂ ಸತ್ತವನು ರಾವಣನೇ. ಈಗ ಪಟ್ಟಿಗಳ ಹಿಂಬದಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ರಾಮ', 'ರಾವಣ', 'ಕಿಲ್ಡ್' ಎಂದು ಬರೆದು, ಕ್ರಿಯಾಪದವನ್ನು ನಡುವೆ ನಿಲ್ಲಿಸಿ, ಎರಡು ಬದಿಯ ಹುಡುಗರನ್ನು ಅದಲುಬದಲು ಮಾಡಿದರೆ ರಾಮಾಯಣವೇ ತಲೆಕೆಳಗಾಗುತ್ತದೆ! ತರಗತಿ ಬಿದ್ದು ಬಿದ್ದು ನಕ್ಕಿತು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಪದದ ಸ್ಥಾನವು ಮಾಡುತ್ತದೆ ಎಂಬ ಸೂತ್ರವನ್ನು ಆಮೇಲೆ ನಾನು ಹೇಳಬೇಕಾಗಲಿಲ್ಲ, ಅವರೇ ಹೇಳಿದರು. ನಮ್ಮ ಹುಡುಗರು ಪ್ರಶ್ನಾವಾಕ್ಯದಲ್ಲಿ ಎಡವುವುದಕ್ಕೂ ಇದೇ ಮೂಲ. 'ನೀನು ಬರುತ್ತೀಯೆ' ಎಂಬಲ್ಲಿ ಕೊನೆಯ ಸ್ವರವೊಂದೇ ಪ್ರಶ್ನೆಯನ್ನು ಸೂಚಿಸುತ್ತದೆ. ಇಂಗ್ಲಿಷಿನಲ್ಲಿ 'ಯು ಆರ್' ಇದ್ದದ್ದು 'ಆರ್ ಯು' ಎಂದು ಸ್ಥಾನ ಬದಲಿಸಬೇಕು. ಅದೇ ಪಟ್ಟಿಗಳಿಂದ ಅದನ್ನೂ ತೋರಿಸಬಹುದು.

ಎರಡನೆಯದು ಗೋಡೆಗೆ ತೂಗುಹಾಕುವ ಒಂದು ಹಾಳೆ. ನಾನು ಅದಕ್ಕೆ 'ನನಗೆ ಪಟ' ಎಂದು ಹೆಸರಿಟ್ಟೆ. ನನಗೆ ಹಸಿವಾಗಿದೆ, ನನಗೆ ಗೊತ್ತು, ನನಗೆ ಜ್ವರ ಬಂದಿದೆ, ನನಗೆ ಇಬ್ಬರು ಅಕ್ಕಂದಿರು ಎಂಬ ನಾಲ್ಕು ಮಾತುಗಳಲ್ಲಿಯೂ ಕನ್ನಡಕ್ಕೆ ಚತುರ್ಥೀ ವಿಭಕ್ತಿಯೇ ಸಹಜ. ಹುಡುಗರು ಇದನ್ನೇ ಹೊತ್ತುಕೊಂಡು ಹೋಗಿ 'ಟು ಮಿ ಟೂ ಸಿಸ್ಟರ್ಸ್' ಎಂದು ಬರೆಯುತ್ತಾರೆ. ಕೆಂಪು ಶಾಯಿಯಿಂದ ಅದನ್ನು ಹೊಡೆದುಹಾಕಿದರೆ ಅವರಿಗೆ ತಿಳಿಯುವುದು ತಪ್ಪಾಯಿತೆಂಬುದು ಮಾತ್ರ. ತಪ್ಪು ಎಲ್ಲಿಂದ ಬಂತೆಂಬುದು ತಿಳಿಯುವುದಿಲ್ಲ. ಹಾಳೆಯ ಎಡಕ್ಕೆ ಈ ನಾಲ್ಕು ವಾಕ್ಯಗಳನ್ನೂ ಬಲಕ್ಕೆ 'ಐ ಆಮ್ ಹಂಗ್ರಿ', 'ಐ ನೋ', 'ಐ ಹ್ಯಾವ್ ಎ ಫೀವರ್', 'ಐ ಹ್ಯಾವ್ ಟೂ ಸಿಸ್ಟರ್ಸ್' ಎಂಬುವನ್ನೂ ಬರೆದು ತೂಗುಹಾಕಿದರೆ, ಕನ್ನಡದಲ್ಲಿ ಪಡೆಯುವವನಾಗಿ ನಿಂತವನು ಇಂಗ್ಲಿಷಿನಲ್ಲಿ ಕರ್ತೃವಾಗುತ್ತಾನೆಂಬುದು ಕಣ್ಣಿಗೇ ಕಾಣುತ್ತದೆ. ಕನ್ನಡ ವ್ಯಾಕರಣ ಬಲ್ಲವನಿಗೆ ಇಂಥ ಪಟಗಳು ಇನ್ನೂ ಹತ್ತಾರು ಹೊಳೆದಾವು. 'ನಿನ್ನೆ ಬಂದ ಹುಡುಗ' ಎಂಬಲ್ಲಿ ಕೃದಂತವು ನಾಮಪದದ ಮುಂದೆ ಬರುತ್ತದೆ, ಇಂಗ್ಲಿಷಿನಲ್ಲಿ 'ಹೂ' ಎಂಬ ಸಂಬಂಧಪದವನ್ನು ಹಿಡಿದು ಅದು ಹಿಂದಕ್ಕೆ ಸರಿಯುತ್ತದೆ, ಅದಕ್ಕೊಂದು ಪಟ.

ಹೆರಾಲ್ಡ್ ಪಾಮರ್ ಎಂಬ ವಿದ್ವಾಂಸರು 1916ರಲ್ಲಿಯೇ ನೂರು ಆದೇಶ ಕೋಷ್ಟಕಗಳ ಪುಸ್ತಕವೊಂದನ್ನು ಹೊರತಂದಿದ್ದರು. ಹಲಗೆಯ ಮೇಲೆ ಮೂರು ಕಂಬಸಾಲುಗಳನ್ನು ಎಳೆದು ಒಂದರಲ್ಲಿ ನಾಲ್ಕು ಕರ್ತೃಪದಗಳು, ಇನ್ನೊಂದರಲ್ಲಿ ನಾಲ್ಕು ಕ್ರಿಯಾಪದಗಳು, ಮತ್ತೊಂದರಲ್ಲಿ ನಾಲ್ಕು ಸ್ಥಳಗಳನ್ನು ಬರೆದರೆ ಹನ್ನೆರಡು ತುಣುಕುಗಳಿಂದ 64 ಶುದ್ಧ ವಾಕ್ಯಗಳಾಗುತ್ತವೆ. ಲಘು ಗುರು ಎಂಬ ಎರಡರಿಂದ ಮೂರಕ್ಷರದ ಎಂಟು ಗಣಗಳನ್ನು ಪ್ರಸ್ತರಿಸುವ ಲೆಕ್ಕವೇ ಇದು ಎಂದು ಹೇಳಿದಾಗ, ಛಂದಸ್ಸನ್ನು ಕಲಿತಿದ್ದ ಹುಡುಗರು ಬೆರಗಾದರು. ಇದಕ್ಕೆ ತಗಲುವ ವೆಚ್ಚ ಒಂದು ಸೀಮೆಸುಣ್ಣ.

ಶಬ್ದಸಂಪತ್ತಿಯ ವಿಷಯದಲ್ಲಿ ನಮ್ಮ ಹುಡುಗರು ತಾವು ತಿಳಿದುಕೊಂಡಷ್ಟು ಬಡವರಲ್ಲ. ಬಂಗಾಳದಲ್ಲಿ ಬಹುಕಾಲ ಇಂಗ್ಲಿಷ್ ಬೋಧಿಸಿದ ಮೈಕೇಲ್ ವೆಸ್ಟ್ ಎಂಬವರು 1953ರಲ್ಲಿ ಸುಮಾರು 2000 ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಸಾಮಾನ್ಯ ಓದಿಗೆ ಮೊದಲು ಬೇಕಾದ ಪದಗಳವು. ನಾನು ಹುಡುಗರಿಗೆ, ನಿಮ್ಮ ನಿಮ್ಮ ಊರಿನಲ್ಲಿ ಆಡುವ ಇಂಗ್ಲಿಷ್ ಪದಗಳನ್ನು ಬರೆದುಕೊಂಡು ಬನ್ನಿ ಎಂದೆ. ಲೈಟು, ಸ್ವಿಚ್ಚು, ಪಂಪು, ಬಸ್ಸು, ಟಿಕೆಟ್ಟು, ಟ್ರ್ಯಾಕ್ಟರು ಎಂದು ಒಬ್ಬೊಬ್ಬನೂ ನೂರಕ್ಕೆ ಕಡಿಮೆಯಿಲ್ಲದಂತೆ ತಂದ. ಕೇಶಿರಾಜನು ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಶಬ್ದಗಳು ಕನ್ನಡಕ್ಕೆ ಬರುವಾಗ ಆಗುವ ಮಾರ್ಪಾಡನ್ನು ಹೇಳುತ್ತಾನಲ್ಲವೆ? ಇವೂ ಒಂದು ಬಗೆಯ ತದ್ಭವಗಳೇ. ವ್ಯಂಜನಾಂತವನ್ನು ಸಹಿಸದ ಕನ್ನಡದ ನಾಲಗೆ ಕೊನೆಗೆ ಉಕಾರವನ್ನು ಅಂಟಿಸಿಕೊಂಡಿದೆ. ಆ ಉಕಾರವನ್ನು ಬಿಡಿಸಿ, ಇಂಗ್ಲಿಷ್ ಕಾಗುಣಿತವನ್ನು ನಿಘಂಟಿನಲ್ಲಿ ಹುಡುಕಿ ಬರೆಯುವುದೇ ಪಾಠ. ನಡುನಡುವೆ ಮೋಸಗಳೂ ಉಂಟು. ನಾವು ಹೋಟೆಲು ಎನ್ನುವುದು ಊಟ ತಿಂಡಿಯ ಜಾಗಕ್ಕೆ, ಇಂಗ್ಲಿಷಿನಲ್ಲಿ ಅದು ಮುಖ್ಯವಾಗಿ ತಂಗುವ ಜಾಗ. ಇಂಥವನ್ನು ಬೇರೊಂದು ಪಟ್ಟಿಯಲ್ಲಿ ಬರೆಸಿದೆ.

ಇಷ್ಟು ಭಾಷೆಯ ಮಾತಾಯಿತು. ಸಾಹಿತ್ಯಪಾಠಕ್ಕೆ ಬಂದರೆ ಕನ್ನಡಿಗರಾದ ನಮ್ಮ ಭಾಗ್ಯವೇ ಬೇರೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಪ್ರಕಟವಾಯಿತು. ನಮ್ಮ ಕಡೆಯ ಎಷ್ಟೋ ಶಾಲೆಗಳ ಮಕ್ಕಳು ಬೆಳಗಿನ ಪ್ರಾರ್ಥನೆಯಲ್ಲಿ, ಕೈಹಿಡಿದು ನಡೆಸೆಂದು ಬೆಳಕನ್ನು ಬೇಡುವ ಗೀತವನ್ನು ಹಾಡುತ್ತಾರೆ. ಅದು ಜಾನ್ ಹೆನ್ರಿ ನ್ಯೂಮನ್ನರ 'ಲೀಡ್ ಕೈಂಡ್ಲಿ ಲೈಟ್' ಎಂಬ ಕವಿತೆಯ ಅನುವಾದವೆಂದು ನಾನು ಹೇಳಿದಾಗ ತರಗತಿ ನಂಬಲಿಲ್ಲ. ನಿತ್ಯವೂ ಹಾಡುವ ತಮ್ಮ ಹಾಡು ಇಂಗ್ಲಿಷಿನದೇ! 1833ರಲ್ಲಿ ಸಿಸಿಲಿಯಲ್ಲಿ ಕಾಯಿಲೆ ಬಿದ್ದು ಎದ್ದ ನ್ಯೂಮನ್ನರು ಊರು ಸೇರುವ ಆತುರದಿಂದ ಕಿತ್ತಳೆಹಣ್ಣಿನ ಹಡಗೊಂದನ್ನು ಏರಿದರು. ನಡುದಾರಿಯ ಜಲಸಂಧಿಯಲ್ಲಿ ಗಾಳಿಯಿಲ್ಲದೆ ಹಡಗು ದಿನಗಟ್ಟಲೆ ನಿಂತುಬಿಟ್ಟಿತು. ಆಗ ಬರೆದದ್ದು ಈ ಕವಿತೆ. ಇಷ್ಟನ್ನು ಕನ್ನಡದಲ್ಲಿ ಹೇಳಿ, ಕನ್ನಡ ಗೀತವನ್ನು ಒಮ್ಮೆ ಹಾಡಿಸಿ, ಆಮೇಲೆ ಇಂಗ್ಲಿಷ್ ಪಾಠವನ್ನು ಕೈಗೆ ಕೊಟ್ಟೆ. ಅರ್ಥ ಆಗಲೇ ಎದೆಯಲ್ಲಿತ್ತು. ಈ ಇಂಗ್ಲಿಷ್ ಪದ ನಮ್ಮ ಯಾವ ಪದಕ್ಕೆ ಬಂತು, ಇದನ್ನು ಶ್ರೀಯವರು ಏಕೆ ಬಿಟ್ಟರು, ಇದನ್ನು ಎಲ್ಲಿಂದ ತಂದರು ಎಂದು ಹುಡುಗರೇ ಹುಡುಕತೊಡಗಿದರು. ಹಾಗೆಯೇ 16ನೆಯ ಶತಮಾನದ ತಾಮಸ್ ನ್ಯಾಶ್ ಕವಿಯ ವಸಂತಗೀತ. ಅದರಲ್ಲಿಯ ಹಕ್ಕಿಗಳ ಕೂಗನ್ನು ಶ್ರೀಯವರು ಅನುವಾದಿಸಲು ಹೋಗದೆ ಹಾಗೆಯೇ ಉಳಿಸಿಕೊಂಡರು. ಇಂಗ್ಲಿಷ್ ಪುಸ್ತಕ ಕಂಡರೆ ನಡುಗುವ ಹುಡುಗನೂ ಆ ಒಂದು ಸಾಲನ್ನು ಅಂಜದೆ ಓದಿಯಾನು.

ಪದ್ಯದ ಲಯವನ್ನು ಕುರಿತು ಒಂದು ಮಾತು. ನಮ್ಮ ಛಂದಸ್ಸಿನಲ್ಲಿ ಗುರುತ್ವವು ಉಚ್ಚಾರಣೆಯ ಕಾಲಕ್ಕೆ ಸೇರಿದ್ದು. ಇಂಗ್ಲಿಷಿನಲ್ಲಿ ಅದು ಒತ್ತಿಗೆ ಸೇರಿದ್ದು. ನಮ್ಮ ಹುಡುಗರು ಎಲ್ಲ ಅಕ್ಷರಗಳನ್ನೂ ಒಂದೇ ಬಲದಿಂದ ಓದುವುದರಿಂದ ಅವರ ಇಂಗ್ಲಿಷ್ ಓದು ಗುಣಾಕಾರದ ಮಗ್ಗಿಯಂತೆ ಕೇಳಿಸುತ್ತದೆ. ಸಾಲಿನ ಮೇಲೆ ಪ್ರಸ್ತಾರದ ಗುರುತುಗಳನ್ನೇ ಹಾಕಿ, ಗುರುವಿನ ಗುರುತಿದ್ದಲ್ಲಿ ಒತ್ತಿ ಹೇಳಿ ಎಂದರೆ ಬೇಗ ತಿಳಿಯುತ್ತದೆ. 'ಫೋಟೋಗ್ರಾಫ್' ಎಂಬಲ್ಲಿ ಮೊದಲ ಅಕ್ಷರಕ್ಕೆ ಒತ್ತು, 'ಫೋಟೋಗ್ರಫಿ' ಎಂದಾಗ ಎರಡನೆಯದಕ್ಕೆ. ಆದರೆ ಇಲ್ಲಿ ನನ್ನ ಮಿತಿಯನ್ನು ಒಪ್ಪಿಕೊಳ್ಳಬೇಕು. ನನ್ನ ಉಚ್ಚಾರಣೆ ಶುದ್ಧವಲ್ಲ. ಎಷ್ಟೋ ಪದಗಳನ್ನು ನಾನೇ ತಪ್ಪಾಗಿ ಓದಿಸಿದ್ದೇನೆ. ಇಂದು ಅಧ್ಯಾಪಕರ ಜೇಬಿನಲ್ಲಿರುವ ಮೊಬೈಲು ಪದವನ್ನು ಉಚ್ಚರಿಸಿ ಕೇಳಿಸುತ್ತದೆ. ಮಕ್ಕಳ ಕೈಗೆ ಅದನ್ನು ಕೊಡುವ ವಿಷಯದಲ್ಲಿ ನನಗೆ ಅಳುಕಿದೆ, ಅಧ್ಯಾಪಕರ ಮೇಜಿನ ಮೇಲೆ ಅದಕ್ಕೆ ಖಂಡಿತವಾಗಿಯೂ ಸ್ಥಾನವಿದೆ.

ನಮ್ಮಂಥ ಶಾಲೆಗೆ ಇನ್ನೂ ಹತ್ತಿರದ ಸಾಮಗ್ರಿಯೆಂದರೆ ವಚನಗಳ ಇಂಗ್ಲಿಷ್ ಅನುವಾದಗಳು. ಶಿ. ಶಿ. ಬಸವನಾಳರೂ ಕೆ. ಆರ್. ಶ್ರೀನಿವಾಸ ಅಯ್ಯಂಗಾರರೂ ಕೂಡಿ ಮಾಡಿದ 'ಮ್ಯೂಸಿಂಗ್ಸ್ ಆಫ್ ಬಸವ' 1940ರಲ್ಲಿ ಬಂದಿತು, ಎ. ಕೆ. ರಾಮಾನುಜನ್ನರ 'ಸ್ಪೀಕಿಂಗ್ ಆಫ್ ಶಿವ' 1973ರಲ್ಲಿ. ಹುಡುಗರಿಗೆ ಬಾಯಿಪಾಠವಾಗಿರುವ ಒಂದು ವಚನವನ್ನು ಆರಿಸಿಕೊಂಡು ಇವುಗಳೊಡನೆ ಇಟ್ಟು ನೋಡಿದರೆ ಒಂದು ವಾರದ ಪಾಠಕ್ಕೆ ಸಾಕು. ರಾಮಾನುಜನ್ನರ ಇಂಗ್ಲಿಷ್ ಮಾತುಗಳು ಬಹುಮಟ್ಟಿಗೆ ಚಿಕ್ಕವು, ಸಾಲುಗಳು ಮೊಟಕು. ಪ್ರೌಢಶಾಲೆಯ ಹುಡುಗನಿಗೆ ಎಟುಕುವಂಥವು. ಆದರೆ ಅವರು ಅಂಕಿತಗಳನ್ನೂ ಅನುವಾದಿಸಿದ್ದಾರೆ. ಕೂಡಲಸಂಗಮದೇವನು ಅಲ್ಲಿ ಕೂಡುವ ಹೊಳೆಗಳ ಒಡೆಯನಾಗಿದ್ದಾನೆ, ಚೆನ್ನಮಲ್ಲಿಕಾರ್ಜುನನು ಮಲ್ಲಿಗೆಯಂತೆ ಬೆಳ್ಳಗಿರುವ ಒಡೆಯ. ಹೆಸರನ್ನು ಅನುವಾದಿಸಬಹುದೆ ಎಂದು ತರಗತಿಯಲ್ಲಿ ಚರ್ಚೆಗಿಟ್ಟೆ. ಒಬ್ಬಳು ಹುಡುಗಿ ಎದ್ದು ನಿಂತು, ಮಲ್ಲಿಗೆಯೇನೋ ಸರಿ, ಬಿಳುಪು ಎಲ್ಲಿಂದ ಬಂತು, ಅರ್ಜುನನೆಂದರೆ ಪಾಂಡವನಲ್ಲವೆ ಎಂದು ಕೇಳಿದಳು. ಅರ್ಜುನ ಶಬ್ದಕ್ಕೆ ಬಿಳುಪೆಂಬ ಅರ್ಥವನ್ನು ಅಮರಸಿಂಹನೇ ಹೇಳಿದ್ದಾನೆಂದು ಅಮರಕೋಶವನ್ನು ತೆರೆದು ತೋರಿಸಿದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಅಮರಕೋಶವನ್ನು ತೆರೆದ ಅಧ್ಯಾಪಕರು ಎಷ್ಟು ಮಂದಿ ಇದ್ದಾರೋ ತಿಳಿಯದು. ನನ್ನ ಸ್ವಂತ ಮತವನ್ನು ಕೇಳಿದರೆ, ಅಂಕಿತವನ್ನು ಅನುವಾದಿಸಬಾರದಿತ್ತು. ಕರೆಯುವ ಹೆಸರಿನಲ್ಲಿ ಅರ್ಥಕ್ಕಿಂತ ನಾದವೇ ಹೆಚ್ಚು. ಆ ಹುಡುಗಿ ಒಪ್ಪಲಿಲ್ಲ. ಹೆಸರಿನ ಅರ್ಥ ತಿಳಿಯದ ಪರದೇಶದವರಿಗೆ ಇದೇ ಮೇಲೆಂದಳು. ತನ್ನ ವಾದವನ್ನು ಐದು ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ತಂದಳು. ಅವುಗಳಲ್ಲಿ ಮೂರು ತಪ್ಪಿದ್ದುವು, ಐದೂ ಅವಳವೇ ಆಗಿದ್ದುವು.

ಇಂಗ್ಲಿಷ್ ಪಾಠದಲ್ಲಿ ಕನ್ನಡ ಪಂಡಿತನಿಗೇನು ಕೆಲಸವೆನ್ನುವವರಿಗೆ ಮೈಸೂರಿನ ಬಸವಪ್ಪ ಶಾಸ್ತ್ರಿಗಳನ್ನು ನೆನಪಿಸಬಯಸುತ್ತೇನೆ. ಅವರಿಗೆ ಇಂಗ್ಲಿಷ್ ಬಾರದು. ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರ ನೆರವಿನಿಂದ ಷೇಕ್ಸ್‌ಪಿಯರನ 'ಒಥೆಲೊ' ನಾಟಕವನ್ನು ತಿಳಿದುಕೊಂಡು 'ಶೂರಸೇನ ಚರಿತ್ರೆ'ಯನ್ನು ರಚಿಸಿದರು. ಇಬ್ಬರು ಕೂಡಿದುದರಿಂದ ಆದ ಕೆಲಸವದು.

ಎಲ್ಲವೂ ವ್ಯಾಕರಣ, ಕಾವ್ಯಗಳಿಂದಲೇ ಆಗುವುದೆಂಬ ಭ್ರಮೆ ನನಗಿಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಮೊದಲಾದ ಕಡೆಗಳ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಭಾಷಾಬೋಧನೆಯ ಪ್ರಪಂಚದಲ್ಲಿ ಅದು 'ಬೆಂಗಳೂರು ಪ್ರಯೋಗ'ವೆಂದೇ ಪ್ರಸಿದ್ಧ. ರೈಲ್ವೆ ವೇಳಾಪಟ್ಟಿ, ನಕ್ಷೆ ಮೊದಲಾದವನ್ನು ಮುಂದಿಟ್ಟು, ಇಂಥ ಊರಿಗೆ ಇಷ್ಟು ಹೊತ್ತಿಗೆ ತಲುಪಬೇಕಾದರೆ ಯಾವ ಗಾಡಿಯನ್ನು ಹಿಡಿಯಬೇಕು ಎಂಬಂಥ ಸಮಸ್ಯೆಯನ್ನು ಇಂಗ್ಲಿಷಿನಲ್ಲಿಯೇ ಕೊಡುವುದು. ಮೊದಲು ಅಧ್ಯಾಪಕರೊಡನೆ ತರಗತಿಯೆಲ್ಲ ಕೂಡಿ ಒಂದನ್ನು ಬಿಡಿಸುವುದು. ಆಮೇಲೆ ಅದರಂಥ ಇನ್ನೊಂದನ್ನು ಒಬ್ಬೊಬ್ಬನೇ ಬಿಡಿಸುವುದು. ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ವ್ಯಾಕರಣವು ತಾನಾಗಿಯೇ ಒಳಗೆ ಇಳಿಯುತ್ತದೆಂಬುದು ಅವರ ಸಿದ್ಧಾಂತ. ವೈಯಾಕರಣನಾದ ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಆದರೂ ನಮ್ಮ ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆಯಿಸಿ ಈ ಕ್ರಮದಿಂದ ಪಾಠ ಮಾಡಿದಾಗ, ಕಣ್ಣು ತಪ್ಪಿಸಿ ಕೂರುತ್ತಿದ್ದ ಹಿಂದಿನ ಬೆಂಚಿನವರೇ ಮೊದಲು ಉತ್ತರ ಕೊಟ್ಟರು. ದಿನವೂ ಬಸ್ಸು ಹಿಡಿದು ಬರುವವರು ಅವರಲ್ಲವೆ?

ಎರಡನೆಯ ವರ್ಷದ ಡಿಸೆಂಬರಿನಲ್ಲಿ ಹೊಸ ಅಧ್ಯಾಪಕರು ಬಂದರು, ನನ್ನ ಪ್ರಯೋಗ ಅಲ್ಲಿಗೆ ನಿಂತಿತು. ಆ ಹುಡುಗರೆಲ್ಲ ತೇರ್ಗಡೆಯಾದರೆಂದು ಹೇಳಲಾರೆ. ಅವರು ಉತ್ತರವನ್ನು ಬರೆಯುವ ಮೊದಲು ಪ್ರಶ್ನೆಯನ್ನು ಓದುತ್ತಿದ್ದರು. ಅಷ್ಟನ್ನು ನಾನು ಕಂಡಿದ್ದೇನೆ.

ಈಗ ದಾನಿಗಳಲ್ಲಿಯೂ ಹಿರಿಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ. ನಾನು ಹೇಳಿದ ಹಿಂದಿನ ಶಾಲೆಯಲ್ಲಿ ಇಂಗ್ಲಿಷ್ ಕನ್ನಡ ನಿಘಂಟು ಇರಲಿಲ್ಲವೆಂದಲ್ಲ. ಮೈಸೂರು ವಿಶ್ವವಿದ್ಯಾನಿಲಯದವರು 1946ರಲ್ಲಿ ಹೊರತಂದ ದೊಡ್ಡ ಕೋಶವಿತ್ತು, ಕಿಟ್ಟೆಲರ 1894ರ ಕನ್ನಡ ಇಂಗ್ಲಿಷ್ ಕೋಶದ ಮರುಮುದ್ರಣವೂ ಇತ್ತು. ಎರಡೂ ಗಾಜಿನ ಬೀರುವಿನಲ್ಲಿದ್ದುವು, ಬೀಗದ ಕೈ ಗುಮಾಸ್ತರಲ್ಲಿತ್ತು. ಒಂದು ಪದಕ್ಕಾಗಿ ಆಫೀಸಿಗೆ ಹೋಗಿ ಕೈಕಟ್ಟಿ ನಿಲ್ಲುವ ಧೈರ್ಯ ಯಾವ ಹುಡುಗನಿಗೆ ಇದ್ದೀತು? ಆದ್ದರಿಂದ ದೊಡ್ಡ ಕೋಶ ಒಂದರ ಬದಲು ಒಂದೇ ಬಗೆಯ ಚಿಕ್ಕ ನಿಘಂಟಿನ ಇಪ್ಪತ್ತು ಪ್ರತಿಗಳು ನಮಗೆ ಬೇಕು. ಒಂದು ಬೆಂಚಿಗೆ ಒಂದರಂತೆ. ಅವುಗಳೊಡನೆ 'ಇಂಗ್ಲಿಷ್ ಗೀತಗಳು' ಹತ್ತು ಪ್ರತಿ, ಮೇಲೆ ಹೇಳಿದ ವಚನಾನುವಾದಗಳು ಎರಡೆರಡು, ರಟ್ಟು, ಬಣ್ಣದ ಶಾಯಿ. ಪ್ರೊಜೆಕ್ಟರಿನ ವಿಚಾರವನ್ನು ಮುಂದಿನ ವರ್ಷ ಮಾಡೋಣ. ಇಂಗ್ಲಿಷ್ ಅಧ್ಯಾಪಕರು ಒಪ್ಪಿದರೆ ವಾರಕ್ಕೆ ಒಂದು ಪೀರಿಯಡ್ಡು ಅವರೊಡನೆ ತರಗತಿಯಲ್ಲಿ ನಿಲ್ಲಲು ನಾನು ಸಿದ್ಧನಿದ್ದೇನೆ. ಉಚ್ಚಾರಣೆ ಅವರದು, ವಿಭಕ್ತಿ ನನ್ನದು. ಪುಸ್ತಕಗಳನ್ನು ತರಗತಿಯ ಗೋಡೆಯ ಕಪಾಟಿನಲ್ಲಿ ಬೀಗವಿಲ್ಲದೆ ಇಡಬೇಕು. ಇಪ್ಪತ್ತು ನಿಘಂಟುಗಳಲ್ಲಿ ಕೆಲವು ವರ್ಷದೊಳಗೆ ಹರಿದೇ ಹರಿಯುತ್ತವೆ. ಹರಿದವಕ್ಕೆ ಬೇಸಗೆಯ ರಜೆಯಲ್ಲಿ ಹೊಲಿಗೆ ಹಾಕಿ ರಟ್ಟು ಕಟ್ಟಿಕೊಡುವ ಕೆಲಸ ನನಗಿರಲಿ; ಪಾಠಶಾಲೆಯಲ್ಲಿ ಓದುತ್ತಿದ್ದಾಗ ತಾಳೆಯೋಲೆಯ ಕಟ್ಟುಗಳೊಡನೆ ಆ ವಿದ್ಯೆಯನ್ನೂ ಗುರುಗಳು ಕಲಿಸಿದ್ದಾರೆ.